ಅಟ್ಟದ ತೊಲೆಯ ಲೆಕ್ಕ

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
೨೬ ನವೆಂಬರ್ ೨೦೨೪

ಪ್ರೀತಿಯ ಅರುಣಣ್ಣಾ,

ಹೇಗಿದ್ದೀಯ? ಕೊಚ್ಚಿಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಹೋಯಿತೇ? ವೆಲ್ಡಿಂಗ್ ಮಾಡುವಾಗ ಕನ್ನಡಕ ಹಾಕುತ್ತೀಯೋ, ಇಲ್ಲಾ ಇಲ್ಲಿನಂತೆ ಕಣ್ಣು ಕಿರಿದು ಮಾಡಿಕೊಂಡೇ ನಡೆಸುತ್ತೀಯೋ? ನಾನು ಚೆನ್ನಾಗಿದ್ದೇನೆ. ನಂದಿಗುಡಿಯಲ್ಲಿ ಅವ್ವನ ಮಂಡಿನೋವು ಹಾಗೇ ಇದೆ. ಫೋನಿನಲ್ಲಿ ಮನೆ ಮಾತು ಬಂದ ಕೂಡಲೇ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ.

ನನ್ನ ಪಿಎಚ್‌ಡಿ ಏನು ಅಂತ ಕೇಳುತ್ತಿದ್ದೆಯಲ್ಲ. ಕಟ್ಟಡವೊಂದನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಂಡು ಮಾಡಿದರೆ, ಭಾರ ಬಿದ್ದಾಗ ಯಾವ ತುಂಡು ಎಷ್ಟು ಸರಿಯುತ್ತದೆ ಎಂಬುದಕ್ಕೆ ಲಕ್ಷಗಟ್ಟಲೆ ಸಮೀಕರಣ ಹುಟ್ಟುತ್ತವೆ. ಅವನ್ನು ಊಹಿಸಿ, ತಿದ್ದಿ, ಮತ್ತೆ ತಿದ್ದಿ ಉತ್ತರದ ಹತ್ತಿರ ಹೋಗಬೇಕು. ಅದಕ್ಕೆ ಮುಂಚೆ ಸಮೀಕರಣಗಳನ್ನು ಹದ ಮಾಡಿಕೊಂಡರೆ ದಾರಿ ಹತ್ತಿರವಾಗುತ್ತದೆ, ನಾಟಿಗೆ ಮುಂಚೆ ಗದ್ದೆ ಕೆಸರು ಮಾಡಿದ ಹಾಗೆ. ಆ ಹದವೇ ನನ್ನ ಕೆಲಸ. ಹದದಿಂದ ಉತ್ತರ ಮಾತ್ರ ಬದಲಾಗಕೂಡದು.

ಪರೀಕ್ಷೆಗೆಂದು ನಿನ್ನ ನಕ್ಷೆ ಹಿಡಿದು, ಊರ ಮನೆಯಲ್ಲಿ ನೀನು ಕಟ್ಟಿದ ಕಬ್ಬಿಣದ ಅಟ್ಟವನ್ನೇ ಕಂಪ್ಯೂಟರಿಗೆ ಹಾಕಿದೆ. ಚಹಾ ಆರುವಷ್ಟರಲ್ಲಿ ಉತ್ತರ ಬಂತು. ಅಟ್ಟ ಗಟ್ಟಿ, ನನಗೆ ಹೆಮ್ಮೆಯಾಯಿತು. ಆದರೆ ಮನೆಯಲ್ಲಿರುವ ಅಟ್ಟ ನಕ್ಷೆಯಂತಿಲ್ಲವಲ್ಲ. ತೊಲೆಯ ತುದಿಯನ್ನು ದೇವರ ಕೋಣೆಯ ಗೋಡೆಯೊಳಗೆ ಕೂರಿಸಲು ನೀನು ಹೋದಾಗ ಅಪ್ಪ, “ದ್ಯಾವ್ರ ಗ್ವಾಡಿಗೆ ಉಳಿ ಮುಟ್ಟಿಸಬ್ಯಾಡ” ಅಂದ. ನೀನು ಕೆಲಸ ಅಲ್ಲಿಗೇ ಬಿಟ್ಟು ಬಸ್ ಹತ್ತಿದೆ. ಆಮೇಲೆ ಅಪ್ಪ ಆ ತುದಿಗೆ ಒಂದು ಮರದ ಕಂಬ ಕೊಟ್ಟು, ಆಯ್ತು ಅಂದುಕೊಂಡ. ಅದನ್ನು ಇದ್ದ ಹಾಗೇ ಹಾಕಿದರೆ ಲೆಕ್ಕ ಮುಗಿಯಲೇ ಇಲ್ಲ. ಗೊತ್ತಿದ್ದ ಹದವನ್ನೆಲ್ಲ ಮಾಡಿ ನೋಡಿದೆ. ನನ್ನ ಜೊತೆ ಸಂಶೋಧನೆ ಮಾಡುವ ಪೂಜಾ, ಸಮೀಕರಣಕ್ಕೇ ಒಂದು ಸಣ್ಣ ಸಂಖ್ಯೆ ಕೂಡಿಸು, ಮುಗಿಯುತ್ತದೆ ಅಂದಳು. ಮುಗಿಯಿತು ನಿಜ, ಆದರೆ ಸಂಖ್ಯೆ ಬದಲಿಸಿದಂತೆಲ್ಲ ಉತ್ತರವೂ ಬದಲಾಯಿತು. ಇಲ್ಲದ ಆಸರೆಯನ್ನು ಇದೆ ಅಂತ ಕಂಪ್ಯೂಟರಿಗೆ ಸುಳ್ಳು ಹೇಳಿದಂತಾಯಿತು ಅಷ್ಟೇ. ಆ ತುದಿ ಕಂಬದ ಮೇಲೆ ಸುಮ್ಮನೆ ಕೂತಿದೆ, ಅದನ್ನು ಯಾವುದೂ ಹಿಡಿದಿಲ್ಲ ಅಣ್ಣ. ಭತ್ತದ ಚೀಲವೊಂದನ್ನು ಜೋರಾಗಿ ತಳ್ಳಿದರೂ ತೊಲೆ ಜಾರಬಹುದು. ಹೊಸ ಭತ್ತ ಈ ವಾರವೇ ಅಟ್ಟ ಏರಬೇಕಿತ್ತು, ಅವ್ವ ಅಕ್ಕಿ ಹಸನು ಮಾಡಲು ಕೂರುವುದು ಅದರ ಕೆಳಗೇ. ನನಗೆ ಭಯವಾಯಿತು.

ಮೊನ್ನೆ ಭಾನುವಾರ ಹರಿಹರದಲ್ಲಿ ಬಸ್ ಬದಲಿಸಿ ಊರಿಗೆ ಹೋಗಿ ಅಪ್ಪನಿಗೆ ಎಲ್ಲಾ ಹೇಳಿದೆ. ಸಮೀಕರಣ ಬಿಟ್ಟು ತೊಲೆಯ ಮಾತಷ್ಟೇ ಆಡಿದೆ. ಅವನು ತಲೆ ಎತ್ತಿ ಆ ಮರದ ಕಂಬವನ್ನು ಬಹಳ ಹೊತ್ತು ನೋಡಿದ. ಆಮೇಲೆ ಟವಲ್ ಕೊಡವಿಕೊಂಡು ಗದ್ದೆಗೆ ಹೋದ. ನೀನೂ ಹಾಗೇ ಮಾಡುವವನು.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಆಶೀರ್ವಾದವನ್ನೂ ಇದರಲ್ಲೇ ಮಡಿಸಿ ಇಟ್ಟಿದ್ದೇನೆ.

ನಿನ್ನ ತಂಗಿ,
ಸುಧಾ

ತಾ.ಕ.: ಅಂಚೆಗೆ ಹೊರಟಿದ್ದೆ, ಅಷ್ಟರಲ್ಲಿ ಅವ್ವನ ಫೋನ್ ಬಂತು. ಭತ್ತ ಇನ್ನೂ ಅಂಗಳದಲ್ಲೇ ಇದೆಯಂತೆ. ಅಪ್ಪ ಬೆಳಿಗ್ಗೆ ಸ್ನಾನ ಮಾಡಿ, ದೇವರನ್ನು ದೀಪದ ಸಮೇತ ನಡುಮನೆಗೆ ತಂದು ಕೂರಿಸಿ, ಕೋಣೆ ಖಾಲಿ ಮಾಡಿದ್ದಾನಂತೆ. ಗಾರೆಯವನನ್ನು ಕರೆಸಲೇ ಅಂತ ಅವ್ವ ಕೇಳಿದ್ದಕ್ಕೆ, “ಬ್ಯಾರೆ ಯಾರೂ ಮುಟ್ಟಾದು ಬ್ಯಾಡ. ಅರುಣ ಬಂದು ಒಡೀಲಿ” ಅಂದನಂತೆ.