ಗುರುವಾರದ ರೋಗಿಗಳು

ಜೂನ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಅಮ್ಮನ ಎಡಗಾಲಿನ ಕಿರುಬೆರಳನ್ನು ಹೋದ ವಾರ ತೆಗೆದರು. "ಅಕ್ಕಂಗೆ ಬರೀಬೇಡ, ಎಳೇ ಮಗು ಎತ್ಕೊಂಡು ಓಡಿ ಬರ್ತಾಳೆ" ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಮಾತು ಮುರಿಯುತ್ತಿದ್ದೇನೆ. ಬೆರಳು ಹೋದದ್ದಕ್ಕೆ ಕಾರಣ ನಾನು, ಆದ್ದರಿಂದ ನಾನೇ ಹೇಳಬೇಕು.

ನಿನ್ನ ಮದುವೆಯಾದ ಮೇಲೆ ಪ್ರತಿ ಗುರುವಾರ ಶಾಲೆಯ ಮುಂದೆ ಸರ್ಕಾರಿ ಆಸ್ಪತ್ರೆಯ ವ್ಯಾನು ಬರತೊಡಗಿತು. ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಸಿಗುತ್ತಿದ್ದದ್ದು ಅಲ್ಲೇ. ದಿನಕ್ಕೆ ಇಪ್ಪತ್ತೈದು ರೋಗಿಗಳಿಲ್ಲದ ಊರಿಗೆ ವ್ಯಾನು ಬರಬಾರದೆಂಬ ನಿಯಮವಿದೆ. ನಮ್ಮಲ್ಲಿ ನಿಜವಾದ ರೋಗಿಗಳು ಒಂಬತ್ತು. ಉಳಿದವರನ್ನು ದರ್ಜಿ ಮಾವ ಹೊಂದಿಸುತ್ತಿದ್ದ. ಬುಧವಾರವೇ ಮನೆಮನೆಗೆ ಹೋಗಿ ಕಾಯಿಲೆ ಹಂಚುತ್ತಿದ್ದ: "ನಿಂಗೆ ಈ ಸಲ ಮಂಡಿ, ನಿನ್ ಗಂಡಂಗೆ ಕೆಮ್ಮು. ಹೋದ ವಾರದ್ದೇ ಹೇಳ್ಬೇಡ್ರಪ್ಪಾ." ಒಮ್ಮೆ ಕ್ಷೌರಿಕ ಹೊಟ್ಟೆನೋವನ್ನು ಎಷ್ಟು ಚೆನ್ನಾಗಿ ಅಭಿನಯಿಸಿದನೆಂದರೆ ಇಂಜೆಕ್ಷನ್ ಚುಚ್ಚಿಸಿಕೊಂಡೇ ಹೊರಬಂದ.

ಜನವರಿಯಲ್ಲಿ ವ್ಯಾನಿಗೆ ಬರುವ ರೋಗಿಗಳ ರಿಜಿಸ್ಟರ್ ಬರೆಯುವ ಕೆಲಸ ನನಗೆ ಬಂತು. ಆರೋಗ್ಯವೆಂಬುದು ಹಕ್ಕು, ಹಕ್ಕಿಗಾಗಿ ನಾಟಕವಾಡುವವನು ಅದನ್ನು ಭಿಕ್ಷೆಯಾಗಿಸುತ್ತಾನೆ ಎಂದು ಕರಪತ್ರವೊಂದರಲ್ಲಿ ಓದಿ ಕೆಂಪು ಗೆರೆ ಎಳೆದಿಟ್ಟಿದ್ದೆ. ನಾಟಕದವರನ್ನೆಲ್ಲ ಮನೆಗೆ ಕಳಿಸಿ ಒಂಬತ್ತೇ ಹೆಸರು ಬರೆದೆ. ಜೊತೆಗೆ ಆರೋಗ್ಯ ಅಧಿಕಾರಿಗೆ ನಾಲ್ಕು ಪುಟದ ಮನವಿ: ಒಂಬತ್ತು ಜನರೂ ಜನರೇ, ನಿಯಮ ತಿದ್ದಿ. ಎಂಟು ವಾರ ಹೀಗೇ ನಡೆಯಿತು. ಉತ್ತರವಾಗಿ ಅಚ್ಚು ಹಾಕಿದ ಒಂದು ಸಾಲು ಬಂತು, ವ್ಯಾನು ನಿಂತಿತು.

ಪಟ್ಟಣದ ಆಸ್ಪತ್ರೆಗೆ ಎರಡು ಬಸ್ಸು ಹಿಡಿಯಬೇಕು. ಅಮ್ಮ ಉಳಿದ ಮಾತ್ರೆಗಳನ್ನು ಅರ್ಧರ್ಧ ಮಾಡಿ ನುಂಗಿದಳು. ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿ ಓಡಾಡಿದಳು. ನನಗೆ ಹೇಳಲಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಎರಡನೆಯ ಮನವಿ ಬರೆಯುತ್ತಿದ್ದೆ.

ಊರವರು ಅಧಿಕಾರಿಯ ಬಾಗಿಲು ಕಾದು, ನಾಡಿದ್ದು ಒಂದು ಗುರುವಾರದ ಮಟ್ಟಿಗೆ ವ್ಯಾನು ಬರುವಂತೆ ಮಾಡಿದ್ದಾರೆ. ಇಪ್ಪತ್ತೈದು ಮುಟ್ಟದಿದ್ದರೆ ಮತ್ತೆ ಬರುವುದಿಲ್ಲ. ದರ್ಜಿ ಮಾವ ಬಂದು, "ತಾಯೀ, ನಿನ್ ಸತ್ಯ ನೀನೇ ಇಟ್ಕೋ, ರಿಜಿಸ್ಟರ್ ಮಾತ್ರ ಕೊಡು" ಎಂದ. ಒಳಗಿನಿಂದ ಅಮ್ಮ, "ಅವಳಿಷ್ಟ, ಬಿಡಪ್ಪ" ಎಂದಳು. ಬೈದಿದ್ದರೆ ವಾದ ಮಾಡುತ್ತಿದ್ದೆ.

ರಿಜಿಸ್ಟರ್ ಕೊಟ್ಟಿಲ್ಲ. ಅದರಲ್ಲಿ ಏನು ಬರೆಯುತ್ತೇನೋ ಗೊತ್ತಿಲ್ಲ. ನಿಯಮ ತಪ್ಪು ಎಂಬುದರಲ್ಲಿ ಮಾತ್ರ ಈಗಲೂ ಅನುಮಾನವಿಲ್ಲ.

ಬೈಯುವುದಿದ್ದರೆ ನನ್ನನ್ನು ಬೈ, ಅಮ್ಮನನ್ನಲ್ಲ.

ನಿನ್ನ ತಂಗಿ

ತಾ.ಕ.: ಪತ್ರ ಅಂಚೆಗೆ ಹಾಕಿರಲಿಲ್ಲ. ಇವತ್ತು ಗುರುವಾರ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತನಾಲ್ಕು ಹೆಸರು ಬರೆದಿದ್ದೆ, ಅದರಲ್ಲಿ ಹದಿನೈದು ದರ್ಜಿ ಮಾವನ ಜನ. ಕೊನೆಗೆ ನನ್ನ ಹೆಸರನ್ನೂ ಬರೆದು ಡಾಕ್ಟರಮ್ಮನ ಮುಂದೆ ಕುಳಿತೆ. ತಲೆನೋವು ಎಂದೆ. ಅವರು ಕಾಗದದಿಂದ ಕಣ್ಣೆತ್ತದೆ, "ತಲೆನೋವು ಆಗ್ಲೇ ನಾಲ್ಕಾಯ್ತಮ್ಮ, ಬೇರೆ ಏನಾದ್ರೂ ಹೇಳು" ಎಂದರು. ಬೆನ್ನು ಎಂದೆ. ಬರೆದುಕೊಂಡರು.