ಅಲ್ಲಾಡುವ ಮೋಟುಗೋಡೆ

ಅಪ್ಪಾ,

ನೀನು ಸ್ನಾನಕ್ಕೆ ಹೋಗಿದ್ದೀಯ, ನನಗೆ ಬಸ್ಸಿಗೆ ಹೊತ್ತಾಯಿತು. ಅದಕ್ಕೇ ಈ ಚೀಟಿ. ಓದಿ ಹರಿದುಹಾಕು, ಅಮ್ಮನ ಕಣ್ಣಿಗೆ ಬೀಳಬಾರದು.

ನಿನ್ನೆ ನೀನು ನಡುಮನೆಯಲ್ಲಿ ಕಟ್ಟಿದ ಮೋಟುಗೋಡೆ ಬೆಕ್ಕು ಮೈ ಉಜ್ಜಿದರೂ ಅಲ್ಲಾಡುತ್ತೆ. ನುಣುಪು ಟೈಲ್ಸ್ ಮೇಲೆ ಇಟ್ಟಿಗೆ ಇಟ್ಟರೆ ಸಿಮೆಂಟು ಹಿಡಿಯೋಲ್ಲ ಅಂತ ಬಡ್ಕೊಂಡೆ, ನೀನೆಲ್ಲಿ ಕೇಳ್ತೀಯ! ಇವತ್ತು ಮೇಸ್ತ್ರಿ ಬರ್ತಾರೆ. ಅದನ್ನು ಕೆಡವಿಸಿ, ಅಲ್ಲಿನ ಟೈಲ್ಸ್ ಒಡೆಸಿ, ಗಟ್ಟಿ ನೆಲದಿಂದಲೇ ಕಟ್ಟಿಸು. ಅವರ ಜೊತೆ ಜಗಳಕ್ಕೆ ನಿಲ್ಲಬೇಡ, ನನ್ನಪ್ಪಾ.

ಗೋಡೆ ಬರೀ ಅಂದಕ್ಕೆ ಅಂತಲೇ ಅಮ್ಮನಿಗೆ ಹೇಳು. ಅವಳು ಅಡುಗೆಮನೆಗೆ ಹಿಡ್ಕೊಂಡು ನಡೆಯೋಕೆ ಅಂತ ಬಾಯಿಬಿಟ್ಟೆಯೋ, ಊರುಗೋಲಿನ ಹಾಗೆ ಇದನ್ನೂ ಮುಟ್ಟೋಲ್ಲ. ಅಳತೆ ಟೇಪಿನ ತುದಿ ಹಿಡ್ಕೋ ಅಂತ ನೆಪ ಹೇಳಿ ಅವಳ ಕೈಯ ಎತ್ತರ ನೋಡ್ಕೋ.

ಇಷ್ಟು ಬರೆಯೋಷ್ಟರಲ್ಲಿ ಅಮ್ಮ ಊಟದ ಡಬ್ಬಿ ತಂದುಕೊಟ್ಟು ಕಿವಿಯಲ್ಲಿ ಹೇಳಿದಳು: "ಗೋಡೆ ಗಟ್ಟಿಯಾಗಿ ಕಟ್ಟಿಸು ಮಗಳೇ. ನಿಮ್ಮಪ್ಪ ಈಚೆಗೆ ಎದ್ದು ನಿಂತರೆ ಜೋಲಿ ಹೊಡೀತಾರೆ, ಹಿಡ್ಕೊಳ್ಳೋಕೆ ಆಗುತ್ತೆ. ಅವರಿಗೆ ಮಾತ್ರ ಹೇಳಬೇಡ, ಪಾಪ, ನೊಂದ್ಕೋತಾರೆ."

ನನ್ನ ಬಾಯಲ್ಲಿ ಗುಟ್ಟು ನಿಲ್ಲೋಲ್ಲ, ನಿನಗೆ ಗೊತ್ತೇ ಇದೆ.

ಎತ್ತರ ಇಬ್ಬರ ಕೈಗೂ ಸರಿಹೋಗಲಿ.

ನಿನ್ನ ಪುಟ್ಟಿ