ಏಳನೆಯ ಪ್ರಶ್ನೆಯ ತ್ರಾಸ

೯ ಫೆಬ್ರವರಿ ೧೯೮೧, ಮತ್ತಿಕೆರೆ
ಇವತ್ತೂ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂಕಿಗಳು ಎಷ್ಟು ಚದುರಿವೆ ಎಂಬ ಲೆಕ್ಕ. ಮನಸ್ಸು ಓದೋಣವೆಂದು ಎಂ.ಎ. ಸೈಕಾಲಜಿಗೆ ಸೇರಿದರೆ ವರ್ಗಮೂಲ ತೆಗೆಯುತ್ತ ಕೂತಿದ್ದೇನೆ. ವೆಂಕಟರಾಮಯ್ಯ ಸರ್ ಹೇಳಿದ್ದೊಂದು ಮಾತ್ರ ತಲೆಗೆ ಹೋಯಿತು: "ಮನುಷ್ಯರ ಉತ್ತರ ಚದುರಿರ್ಬೇಕು ಕಣ್ರೀ. ಚದುರಿಲ್ಲ ಅಂದ್ರೆ ಯಾರೋ ಒಬ್ರೇ ಕೂತು ಬರ್ದಿದಾರೆ ಅಂತ."

೧೪ ಫೆಬ್ರವರಿ
ಪ್ರಾಜೆಕ್ಟಿನಲ್ಲಿ ನನ್ನ ಜೊತೆಗಾತಿ ತಾಹೆರಾ. ದಾಸರಹಳ್ಳಿಯ ಸ್ಕ್ರೂ ಫ್ಯಾಕ್ಟರಿಯ ಹೆಂಗಸರಿಂದ ಪ್ರಶ್ನಾವಳಿ ತುಂಬಿಸಿ ತಂದಳು. ಒಂದೇ ದಿನದಲ್ಲಿ! "ನೀವು ಬರ್ಬೇಡಿ ನಾಗಲಿಂಗಪ್ಪ, ಗಂಡಸ್ರಿದ್ರೆ ಅವ್ರು ಬಾಯಿ ಬಿಡಲ್ಲ" ಅಂದಿದ್ದಳು. ಆಗಲೇ ಅನುಮಾನ ಬಂದಿತ್ತು.
ಏಳನೆಯ ಪ್ರಶ್ನೆ: 'ಕೆಲಸದ ಜಾಗದಲ್ಲಿ ತ್ರಾಸ ಇರುತ್ತದೆಯೇ?' ಪ್ಯಾಕಿಂಗ್‌ನವರೆಲ್ಲ 'ಯಾವಾಗಲೂ'. ಮೆಷಿನ್‌ನವರೆಲ್ಲ 'ಇಲ್ಲ'. ಒಬ್ಬಳಾದರೂ 'ಒಮ್ಮೊಮ್ಮೆ' ಅನ್ನಬಾರದೆ? ಎರಡು ಕಡೆಯೂ ಡೀವಿಯೇಷನ್ ಸೊನ್ನೆ...

೧೬ ಫೆಬ್ರವರಿ
ಕ್ಯಾಂಟೀನಿನಲ್ಲಿ ಕೇಳಿಯೇಬಿಟ್ಟೆ. "ಖರೇನ ಫ್ಯಾಕ್ಟರಿಗೆ ಹೋಗಿದ್ರೇನ್ರಿ?"
"ಇನ್ನೇನ್, ಮನೇಲಿ ಕೂತು ಬರ್ಕೊಂಡ್ನಾ?"
ನಾನು ಹಾಗಂದೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಳು.

೧೯ ಫೆಬ್ರವರಿ
ಸರ್‌ಗೆ ಹೇಳಿದೆ. ನನ್ನ ಹೆಸರು ಎತ್ತಬೇಡಿ ಅಂತಲೂ ಹೇಳಿದೆ. "ಸುಳ್ಳು ಡೇಟಾ ಆಗಿದ್ರೆ ಆಕೆ ಈ ವರ್ಷ ಪರೀಕ್ಷೆಗೆ ಕೂರೋ ಹಾಗಿಲ್ಲ" ಅಂದರು. ನಾನು ಮಾಡಿದ್ದು ಸರಿಯೇ. ಆದರೂ ಊಟ ಸೇರಲಿಲ್ಲ.

೨೪ ಫೆಬ್ರವರಿ, ಮಧ್ಯಾಹ್ನ
ಸಾಕ್ಷಿ ಬೇಕೆಂದು ನಾನೇ ದಾಸರಹಳ್ಳಿಗೆ ಹೋದೆ. ಪ್ಯಾಕಿಂಗ್‌ನ ಗಂಗರತ್ನಮ್ಮ ಸಿಕ್ಕರು. "ತಾಹೆರಮ್ಮ ಬಂದಿದ್ರಲ್ಲ ಸಾ, ನಮ್ ಜೊತೆನೇ ಉಂಡ್ರು." ಸರಿ, ತ್ರಾಸದ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಯಾಕೆ ಕೊಟ್ಟಿರಿ?
"ತ್ರಾಸಾ? ಅಗಾ, ಅಲ್ಲೈತಲ್ಲ. ಯಾವಾಗ್ಲೂ ಇರ್ತದೆ. ತೂಕ ಆಕ್ದೆ ಎಂಗೆ ಪ್ಯಾಕ್ ಮಾಡಾದು?"
ಮೇಜಿನ ಮೇಲೆ ತಕ್ಕಡಿ. ನಮ್ಮ ಗದಗಿನ ಕಡೆ ತ್ರಾಸ ಅಂದರೆ ಕಷ್ಟ, ಸಂಕಟ. ಇವರಿಗೆ ತೂಕದ ತ್ರಾಸು! ಮೆಷಿನ್ ಕಡೆ ಅದು ಇಲ್ಲ, 'ಇಲ್ಲ' ಅಂದರು. ಪ್ರಶ್ನೆಗಳನ್ನು ಕನ್ನಡಕ್ಕೆ ತಂದವನು ನಾನು. "ಕನ್ನಡ ನನಗ ಬಿಡ್ರಿ" ಎಂದು ಹಠ ಹಿಡಿದವನೂ ನಾನೇ. ನಾಚಿಕೆಯಿಂದ ಬಸ್ಸಿನಲ್ಲಿ ತಲೆ ಎತ್ತಲಾಗಲಿಲ್ಲ.

ಸಂಜೆ
ಬಸ್ಸಿಳಿದು ಸರ್ ಕೋಣೆಗೆ ಓಡಿದೆ. ತಡವಾಗಿತ್ತು. ಸರ್ ಆಗಲೇ ತಾಹೆರಾಳನ್ನು ಕರೆಸಿದ್ದರು. ಮೆಟ್ಟಿಲ ಮೇಲೆ ಕೂತಿದ್ದಳು, ಕಣ್ಣು ಕೆಂಪಗೆ.
"ಯಾರೋ ಸರ್ ಹತ್ರ ನನ್ ಮೇಲೆ ಹೇಳಿದಾರೆ ಕಣ್ರೀ. ನೀವಾದ್ರೂ ನನ್ನ ನಂಬ್ತೀರಲ್ಲ?" ಅಂದಳು. ನಂತರ ಕೇಳಿದಳು, "ನಿಮ್ಗೆ ಯಾರ್ ಮೇಲಾದ್ರೂ ಅನುಮಾನ ಇದೆಯಾ?"
ಅನುಮಾನ ಅಲ್ಲ, ಗೊತ್ತೇ ಇದೆ ಅಂದೆ.
"ಯಾರು?"
"ಹೇಳಿದಾಂವ ನಾನ ರೀ," ಅಂದೆ.